ದಾರ, ಗುಂಡಿ ಮಾರುತ್ತಿದ್ದ ಅಂಗಡಿಯಲ್ಲಿ ಒಂದು ಪಬ್ಬು

ಮೊದಲೇ ಹೇಳಿಬಿಡುತ್ತೇನೆ, ಊರಿನ ಹೆಸರು, ಪಬ್ಬಿನ ಹೆಸರು ಎರಡೂ ಬರೆಯುವುದಿಲ್ಲ. ಅಲ್ಲಿ ದಿನಾ ಬಂದು ಕೂರುವವರು ಹತ್ತು ಹನ್ನೆರಡು ಜನ. ಹೆಸರು ಬರೆದರೆ ಯಾರು ಯಾರು ಅಂತ ಊರವರಿಗೆಲ್ಲ ಗೊತ್ತಾಗಿಬಿಡುತ್ತೆ, ನಾನು ಅವರನ್ನು ಕೇಳಿ ಬರೆಯುತ್ತಿಲ್ಲ. ಇಷ್ಟು ಸಾಕು: ಇಂಗ್ಲೆಂಡಿನ ಕೆಂಟ್, ಸಮುದ್ರದ ದಂಡೆಯ ಸಣ್ಣ ಊರು, ಫ್ಯಾವರ್ಶಮ್ ದಾಟಿ ಮಾರ್ಗೇಟ್ ಕಡೆ ಹೋಗುವ ರೈಲಿನಲ್ಲಿ ಸಿಗುತ್ತೆ.

ನಾನಿರುವುದು ಜಿಲ್ಲಿಂಗಮ್‌ನಲ್ಲಿ. ಶನಿವಾರ ಸಮುದ್ರ ನೋಡಿಕೊಂಡು ಬರೋಣ ಅಂತ ಒಬ್ಬಳೇ ಹೊರಟಿದ್ದೆ. ಅಕ್ಟೋಬರ್ ತಿಂಗಳು. ಮಧ್ಯಾಹ್ನ ಮೂರಕ್ಕೆಲ್ಲ ಮಳೆ ಹಿಡಿಯಿತು. ಗಾಳಿಯ ಜೊತೆ ಅಡ್ಡಡ್ಡ ಬಂದು ಕೊಡೆಯನ್ನೇ ತಿರುಚಿ ಹಾಕುವಂಥ ಮಳೆ. ಸ್ಟೇಷನ್ನಿಗೆ ಓಡಿದರೆ ವಾಪಸ್ ರೈಲು ರದ್ದು. ಮುಂದಿನದಕ್ಕೆ ಒಂದು ಗಂಟೆಗೂ ಜಾಸ್ತಿ ಕಾಯಬೇಕು, ವೇಟಿಂಗ್ ರೂಮಿಗೆ ಬೀಗ. ಮತ್ತೆ ಹೈ ಸ್ಟ್ರೀಟಿಗೇ ನಡೆದುಕೊಂಡು ಬಂದೆ.

ಹೈ ಸ್ಟ್ರೀಟ್ ಅಂದರೆ ನಮ್ಮ ಕಡೆ ಪೇಟೆ ಬೀದಿ ಅಂತೀವಲ್ಲ, ಅದೇ. ಊರಿಗೊಂದು ಇದ್ದೇ ಇರುತ್ತೆ. ಮೊದಲು ಕಸಾಯಿ ಅಂಗಡಿ, ಬ್ರೆಡ್ ಅಂಗಡಿ, ಚಪ್ಪಲಿ ಅಂಗಡಿ, ಬ್ಯಾಂಕು, ಪೋಸ್ಟ್ ಆಫೀಸು ಎಲ್ಲ ಅಲ್ಲೇ ಇರುತ್ತಿದ್ದವಂತೆ. ಈಗ ಸೂಪರ್‌ಮಾರ್ಕೆಟ್‌ಗಳು ಊರ ಹೊರಗೆ ಹೋದವು, ಉಳಿದದ್ದನ್ನು ಆನ್‌ಲೈನ್ ತಗೊಂಡಿತು. 2009ರ ಜನವರಿಯಲ್ಲಿ ವುಲ್ವರ್ತ್ಸ್ ಅನ್ನುವ ದೊಡ್ಡ ಹೆಸರಿನ ಅಂಗಡಿಗಳು ದೇಶದ ತುಂಬ ಒಂದೂ ಬಿಡದೆ ಮುಚ್ಚಿದವು. ಅದನ್ನು ಇಲ್ಲಿಯವರು ಇವತ್ತಿಗೂ ಮನೆಯ ಯಾರೋ ತೀರಿಕೊಂಡ ಹಾಗೆ ನೆನೆಸಿಕೊಳ್ಳುತ್ತಾರೆ. ನಾನು ನಡೆದ ಬೀದಿಯಲ್ಲಿ ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿ ನಾಲ್ಕು, ಕ್ಷೌರದಂಗಡಿ ಮೂರು, ಬಾಗಿಲು ಹಾಕಿದ ಬ್ಯಾಂಕು ಒಂದು. ಮುಂದೆ ಗಾಜಿಗೆ ಒಳಗಿನಿಂದ ಬಿಳಿ ಬಣ್ಣ ಬಳಿದು ಮುಚ್ಚಿದ ಅಂಗಡಿಗಳು. ಅವುಗಳ ನಡುವೆ ಒಂದು ಕಿಟಕಿಯಲ್ಲಿ ಹಳದಿ ಬೆಳಕು.

ಅಗಲ ಒಂದು ಅಂಗಡಿಯಷ್ಟೇ. ಒಂದು ಬಾಗಿಲು, ಒಂದು ದೊಡ್ಡ ಗಾಜು. ಗಾಜಿನ ಹಿಂದೆ ಜನ ಬೆನ್ನು ತಿರುಗಿಸಿ ಕೂತಿದ್ದಾರೆ, ಒಂದು ನಾಯಿ ಮಾತ್ರ ನನ್ನ ಕಡೆ ನೋಡುತ್ತಿದೆ. ಯಾರದ್ದೋ ಮನೆಯ ನಡುಮನೆ ಅಂದುಕೊಂಡೆ. ಬಾಗಿಲ ಮೇಲೆ ಸಣ್ಣ ಬೋರ್ಡ್ ನೋಡಿದ ಮೇಲೆ ಪಬ್ಬು ಅಂತ ಗೊತ್ತಾಯಿತು.

ಒಳಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಇಂಗ್ಲೆಂಡಿಗೆ ಬಂದು ಎಷ್ಟೋ ವರ್ಷವಾಗಿದೆ, ಆಫೀಸಿನವರ ಜೊತೆ ಪಬ್ಬಿಗೆ ಹೋಗಿದ್ದೇನೆ. ಒಬ್ಬಳೇ ಯಾವತ್ತೂ ಹೋಗಿರಲಿಲ್ಲ. ನಾನು ಬೆಳೆದದ್ದು ತಿಪಟೂರಿನಲ್ಲಿ. ಅಲ್ಲಿ ಬಾರ್ ಅಂದರೆ ಬಣ್ಣದ ಗಾಜಿನ ಬಾಗಿಲು, ಒಳಗೆ ಕತ್ತಲು. ಬಿ.ಎಚ್. ರಸ್ತೆಯಲ್ಲಿ ಶಾಲೆಗೆ ಹೋಗುವಾಗ ಆ ಬಾಗಿಲ ಮುಂದೆ ಬಂದರೆ ನಾವು ಹುಡುಗಿಯರು ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತಿದ್ದೆವು. ಯಾರೂ ಹೇಳಿಕೊಟ್ಟಿರಲಿಲ್ಲ, ಕಾಲೇ ಹಾಗೆ ತಿರುಗುತ್ತಿತ್ತು. ಅವತ್ತು ಮಳೆಯಲ್ಲಿ ನಿಂತಾಗಲೂ ಕಾಲು ಆಚೆ ಬದಿಗೇ ತಿರುಗಿತು ನೋಡಿ. ಅಷ್ಟರಲ್ಲಿ ಒಳಗಿದ್ದ ಒಬ್ಬ ವಯಸ್ಸಾದ ಹೆಂಗಸು ಬಂದು ಬಾಗಿಲು ತೆಗೆದು, ನೆನೀತಾ ಇದೀಯಲ್ಲ, ಒಳಗೆ ಬಾ ಅಂದರು. ಹೋದೆ.

ಒಳಗೆ ಹೇಗಿತ್ತು ಅಂತ ಹೇಳಬೇಕು. ಅಗಲ ಹನ್ನೆರಡು ಅಡಿ, ಉದ್ದ ಇಪ್ಪತ್ತು ಅಡಿ ಇದ್ದೀತು. ಗೋಡೆಗೆ ಅಂಟಿಕೊಂಡಂತೆ ಮೂರು ಕಡೆ ಮರದ ಬೆಂಚು. ನಡುವೆ ಜಾಗ ಖಾಲಿ. ಟಿವಿ ಇಲ್ಲ, ಹಾಡು ಇಲ್ಲ, ಜೂಜಿನ ಯಂತ್ರ ಇಲ್ಲ. ಬೆಂಚಿನ ಮೇಲೆ ಕೂತರೆ ಎದುರು ಬೆಂಚಿನವರ ಮುಖ ನೋಡಲೇಬೇಕು, ಬೇರೆ ದಾರಿಯೇ ಇಲ್ಲ. ಈ ಒಂದು ಏರ್ಪಾಡು ಎಷ್ಟು ಕೆಲಸ ಮಾಡುತ್ತೆ ಅಂದರೆ, ನಾನು ಕೂತು ಎರಡು ನಿಮಿಷಕ್ಕೆ ಮಳೆ ಬಗ್ಗೆ, ರೈಲು ಬಗ್ಗೆ, ನಾಯಿಯ ಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದೆ, ಅದೂ ನಾಲ್ಕು ಜನ ಅಪರಿಚಿತರ ಜೊತೆ. ನಮ್ಮ ಹಳೆ ಮನೆಗಳ ಜಗಲಿ ಹೀಗೇ ಅಲ್ವಾ? ಎದುರುಬದುರು ಎರಡು ಜಗಲಿ, ನಡುವೆ ಬಾಗಿಲಿಗೆ ಹೋಗುವ ದಾರಿ. ಬಂದವರು ಕೂತರೆ ಮಾತು ತಾನಾಗಿ ಶುರುವಾಗುತ್ತೆ.

ಇಂಥ ಪಬ್ಬಿಗೆ ಮೈಕ್ರೋಪಬ್ ಅನ್ನುತ್ತಾರೆ. ಶುರುವಾಗಿದ್ದು ಇದೇ ಕೆಂಟ್‌ನಲ್ಲಿ, ಹರ್ನ್ ಅನ್ನುವ ಹಳ್ಳಿಯಲ್ಲಿ. 2005ರ ನವೆಂಬರ್‌ನಲ್ಲಿ ಮಾರ್ಟಿನ್ ಹಿಲಿಯರ್ ಅನ್ನುವವರು ಹಳೇ ಕಸಾಯಿ ಅಂಗಡಿಯೊಂದರಲ್ಲಿ ‘ಬುಚರ್ಸ್ ಆರ್ಮ್ಸ್’ ತೆರೆದರು. ಒಂದು ಸಣ್ಣ ಕೋಣೆ, ಕೆಲವು ಪೀಪಾಯಿ, ಮಾತು. ಅಷ್ಟೇ. ಮಾಂಸ ನೇತು ಹಾಕುವ ಕೊಕ್ಕೆಗಳನ್ನೂ ಹಾಗೇ ಬಿಟ್ಟಿದ್ದರು. 2009ರಲ್ಲಿ ಹಾರ್ಟಲ್‌ಪೂಲ್‌ನ ರೈಲು ನಿಲ್ದಾಣದಲ್ಲಿ ಇನ್ನೊಂದು ಬಂತು. ಆಮೇಲೆ ದೇಶದ ತುಂಬ ನೂರಾರು. 2012ರಲ್ಲಿ ಅವರದ್ದೇ ಒಂದು ಸಂಘವೂ ಆಯಿತು. ಒಳ್ಳೆ ಪೀಪಾಯಿ ಬಿಯರು ಕೊಡಬೇಕು, ಮಾತಿಗೆ ಜಾಗ ಇರಬೇಕು, ವಿದ್ಯುತ್ತಿನ ಮನರಂಜನೆ ಬೇಡ. ಅವರು ಹೇಳುವುದು ಹೆಚ್ಚು ಕಡಿಮೆ ಇಷ್ಟೇ.

ಅದು 2005ರಲ್ಲೇ ಯಾಕೆ ಆಯಿತು ಅನ್ನುವುದಕ್ಕೂ ಕಾರಣ ಇದೆ. ಅಲ್ಲಿಯವರೆಗೆ ಪಬ್ಬಿನ ಲೈಸೆನ್ಸ್ ಕೊಡುತ್ತಿದ್ದದ್ದು ಮ್ಯಾಜಿಸ್ಟ್ರೇಟರು. ಊರಲ್ಲಿ ಈಗಾಗಲೇ ಪಬ್ಬುಗಳಿವೆ, ಇನ್ನೊಂದು ಯಾಕೆ ಅಂತ ಬೇರೆ ಪಬ್ಬಿನವರು ಅಡ್ಡ ಹಾಕಬಹುದಿತ್ತು. 2003ರ ಲೈಸೆನ್ಸಿಂಗ್ ಕಾಯ್ದೆ 2005ರ ನವೆಂಬರ್‌ನಲ್ಲಿ ಪೂರ್ತಿ ಜಾರಿಗೆ ಬಂದಾಗ ಆ ಅಧಿಕಾರ ಊರಿನ ಕೌನ್ಸಿಲ್‌ಗೆ ಹೋಯಿತು. ಅಪರಾಧ, ಸುರಕ್ಷತೆ, ಅಕ್ಕಪಕ್ಕದವರಿಗೆ ತೊಂದರೆ, ಮಕ್ಕಳಿಗೆ ಹಾನಿ, ಈ ನಾಲ್ಕರ ಮೇಲೆ ಮಾತ್ರ ತಕರಾರು ಮಾಡಬಹುದು ಅಂತಾಯಿತು. ಅದಕ್ಕೆ ಮೊದಲು 2002ರಲ್ಲಿ ಸಣ್ಣ ಬಿಯರ್ ತಯಾರಕರಿಗೆ ಸರ್ಕಾರ ತೆರಿಗೆ ಇಳಿಸಿತ್ತು, ಹಾಗಾಗಿ ಸಣ್ಣ ಸಣ್ಣ ಬ್ರೂವರಿಗಳು ಸಾಕಷ್ಟು ಹುಟ್ಟಿಕೊಂಡಿದ್ದವು. ಅವರಿಗೆ ಮಾರುವ ಜಾಗ ಬೇಕಿತ್ತು. ಯಾಕೆಂದರೆ ಇಲ್ಲಿನ ಎಷ್ಟೋ ಪಬ್ಬುಗಳು ದೊಡ್ಡ ಕಂಪನಿಗಳ ಕೈಯಲ್ಲಿವೆ, ಕಟ್ಟಡ ಅವರದ್ದು, ಹಾಗಾಗಿ ಬಿಯರೂ ಅವರು ಹೇಳಿದವರಿಂದಲೇ ತರಬೇಕು. ಈ ಸಣ್ಣ ಪಬ್ಬುಗಳಿಗೆ ಆ ಕಟ್ಟು ಇಲ್ಲ. ಇನ್ನು 2017ರಿಂದ ಇಂಗ್ಲೆಂಡಿನಲ್ಲಿ, ಸರ್ಕಾರ ಹಾಕಿದ ಬಾಡಿಗೆ ಅಂದಾಜು ವರ್ಷಕ್ಕೆ 12,000 ಪೌಂಡ್ ಒಳಗಿರುವ ಒಂದೇ ಅಂಗಡಿ ಇಟ್ಟುಕೊಂಡವರಿಗೆ ವ್ಯಾಪಾರದ ಕಟ್ಟಡದ ತೆರಿಗೆ ಇಲ್ಲ. ಸಣ್ಣ ಅಂಗಡಿ ಸಣ್ಣದಾಗಿಯೇ ಉಳಿದರೆ ಬದುಕಬಹುದು ಅನ್ನುವಂಥ ಲೆಕ್ಕ ಇದು.

ಇದನ್ನೆಲ್ಲ ಪಬ್ಬಿನ ಮಾಲೀಕರ ಜೊತೆಯೂ ಮಾತಾಡಿದೆ. ಅವರು ಮೊದಲು ಲಾರಿ ಓಡಿಸುತ್ತಿದ್ದವರು. ಈ ಅಂಗಡಿ ಹಿಡಿದಾಗ ಮೊದಲು ಅಂಟಿಸಿದ್ದು ಕಿಟಕಿಗೆ ಒಂದು ತಿಳಿ ನೀಲಿ ಕಾಗದವಂತೆ. ಇಲ್ಲಿ ಮದ್ಯ ಮಾರಲು ಅರ್ಜಿ ಹಾಕಿದ್ದೇವೆ, ತಕರಾರಿದ್ದರೆ ಹೇಳಿ ಅಂತ. 28 ದಿನ ಅದು ಹಾಗೇ ಇರಬೇಕು. ಆ 28 ದಿನವೂ ದಿನಕ್ಕೆರಡು ಸಲ ಬಂದು ಕಾಗದ ಹರಿದಿಲ್ಲ ತಾನೇ ಅಂತ ನೋಡಿ ಹೋಗುತ್ತಿದ್ದರಂತೆ. ತಕರಾರು ಹೇಳಲು ಅಂತ ಬಂದ ಎದುರು ಮನೆಯವರು ಈಗ ಬೆಂಚಿನ ಮೂಲೆಯಲ್ಲಿ ಕೂತಿದ್ದರು. ಅವರನ್ನೇ ತೋರಿಸಿ ಹೇಳಿದರು.

ನಾನು ಏನು ಕುಡಿಯಲಿ ಅಂತ ಗೊತ್ತಾಗಲಿಲ್ಲ. ಹಿಂದೆ ಒಂದು ಸಣ್ಣ ತಣ್ಣನೆಯ ಕೋಣೆ, ಅದಕ್ಕೆ ಗಾಜಿನ ಬಾಗಿಲು, ಒಳಗೆ ಅಡ್ಡ ಮಲಗಿಸಿದ ಐದು ಪೀಪಾಯಿ. ಮೋಟರ್ ಇಲ್ಲ, ಗ್ಯಾಸ್ ಇಲ್ಲ. ನಲ್ಲಿ ತಿರುಗಿಸಿದರೆ ತನ್ನ ಭಾರಕ್ಕೇ ಬಿಯರು ಇಳಿಯುತ್ತೆ. ಒಂದು ಪೀಪಾಯಿಗೆ 72 ಪಿಂಟು, ಪಿಂಟು ಅಂದರೆ ಅರ್ಧ ಲೀಟರಿಗೆ ಸ್ವಲ್ಪ ಜಾಸ್ತಿ. ಇಷ್ಟು ಹಿಡಿಯುವ ಪೀಪಾಯಿಗೆ ಫರ್ಕಿನ್ ಅನ್ನುತ್ತಾರೆ. ಒಳಗೆ ಹುದುಗು ಬರಿಸುವ ಯೀಸ್ಟಿಗೆ ಇನ್ನೂ ಜೀವ ಇರುತ್ತೆ, ನಮ್ಮ ದೋಸೆ ಹಿಟ್ಟಿನ ಹಾಗೆ. ಪಬ್ಬಿಗೆ ಬಂದ ಮೇಲೂ ಪೀಪಾಯಿಯಲ್ಲಿ ಕೆಲಸ ನಡೆಯುತ್ತಲೇ ಇರುತ್ತೆ. ತಂದ ಕೂಡಲೇ ಕೊಡುವ ಹಾಗಿಲ್ಲ, ಅಲುಗಾಡಿಸದೆ ಬಿಟ್ಟು ಚರಟ ತಳಕ್ಕೆ ಕೂರಬೇಕು. ತೆರೆದ ಮೇಲೆ ಗಾಳಿ ಸೋಕುತ್ತೆ, ಮೂರು ದಿನದೊಳಗೆ ಖಾಲಿಯಾದರೆ ಒಳ್ಳೆಯದು. 12 ಡಿಗ್ರಿ ಆಸುಪಾಸು ಇಡಬೇಕು, ಫ್ರಿಜ್ಜಿನಷ್ಟು ತಣ್ಣಗಿದ್ದರೆ ರುಚಿಯೇ ಸತ್ತುಹೋಗುತ್ತೆ. ಹುಳಿ ಬಂದ ಹಿಟ್ಟನ್ನು ಅಮ್ಮ ಹೇಗೆ ನೋಡಿಕೊಳ್ಳುತ್ತಾಳೋ ಹಾಗೆ ಈ ಮನುಷ್ಯ ಪೀಪಾಯಿ ನೋಡಿಕೊಳ್ಳುತ್ತಾರೆ. ಪಬ್ಬು ದೊಡ್ಡದಾದರೆ ಇದು ಕಷ್ಟ. ಸಣ್ಣದಾದರೆ ಇದೇ ಚೆನ್ನಾಗಿ ಆಗುತ್ತೆ.

ನಾನು ಮಾಂಸ ತಿನ್ನಲ್ಲ ಅಂದೆ, ಜೊತೆಗೆ ತಿನ್ನೋದಕ್ಕೆ ಏನಿದೆ ಅಂತ ಕೇಳುವಾಗ. ಅವರು ತಟ್ಟನೆ ಕೈ ತಡೆದರು. ಹಾಗಾದರೆ ಈ ಪೀಪಾಯಿದು ಬೇಡ, ಆ ಕೊನೆಯದು ತಗೋ ಅಂದರು. ಯಾಕೆ ಅಂತ ಕೇಳಿದೆ. ಬಿಯರು ತಿಳಿಯಾಗಲಿ ಅಂತ ಬಹಳ ಕಡೆ ಮೀನಿನ ಗಾಳಿಚೀಲದಿಂದ ಮಾಡಿದ ಅಂಟನ್ನು ಹಾಕುತ್ತಾರಂತೆ, ಐಸಿಂಗ್ಲಾಸ್ ಅಂತ ಹೆಸರು. ಅದು ಯೀಸ್ಟನ್ನು ಹಿಡಿದುಕೊಂಡು ತಳಕ್ಕೆ ಹೋಗುತ್ತೆ, ಆದರೂ ಹಾಕಿದ್ದು ಹಾಕಿದ್ದೇ. ಕೊನೆಯ ಪೀಪಾಯಿಯದಕ್ಕೆ ಹಾಕಿರಲಿಲ್ಲ, ಸ್ವಲ್ಪ ಮಬ್ಬಾಗಿತ್ತು. ಇಷ್ಟು ವರ್ಷದಲ್ಲಿ ಇದನ್ನು ನನಗೆ ಹೇಳಿದವರು ಇವರೊಬ್ಬರೇ. ನಮ್ಮವರು ತುಂಬ ಜನ ಇಲ್ಲಿ ಸಸ್ಯಾಹಾರಿ ಅಂತ ಎಲ್ಲ ಪ್ಯಾಕೆಟ್ಟಿನ ಹಿಂದೆ ಓದುತ್ತಾರೆ, ಬಿಯರಿನ ಬಗ್ಗೆ ಯಾರೂ ಕೇಳಲ್ಲ. ಕೇಳಿ, ಪೀಪಾಯಿ ನೋಡಿಕೊಳ್ಳುವವರಿಗೆ ಗೊತ್ತಿರುತ್ತೆ. ಅರ್ಧ ಪಿಂಟು ತಗೊಂಡೆ, ಒಂದು ತುಂಡು ಚೀಸು, ವಿನೆಗರ್‌ನಲ್ಲಿ ಹಾಕಿದ ಈರುಳ್ಳಿ.

ದುಡ್ಡು ಕೊಡಲು ಕೌಂಟರಿನ ಮೇಲೆ ಕೈ ಇಟ್ಟಾಗ ಬೆರಳಿಗೆ ಏನೋ ತಣ್ಣಗೆ ತಾಗಿತು. ನೋಡಿದರೆ ಮರದ ಅಂಚಿಗೆ ಉದ್ದಕ್ಕೂ ಹಿತ್ತಾಳೆ ಪಟ್ಟಿ ಕೂರಿಸಿದ್ದಾರೆ. ಅದರ ಮೇಲೆ ಗೀರುಗಳು. ಉಜ್ಜಿ ಉಜ್ಜಿ ಅರ್ಧ ಅಳಿಸಿವೆ, ಆದರೂ ಕಾಣುತ್ತವೆ. ಕಾಲು, ಅರ್ಧ, ಮುಕ್ಕಾಲು, ಒಂದು.

ಗಜ.

ನನ್ನ ಎದೆ ಒಂದು ಸಲ ಧಸಕ್ ಅಂದಿತು. ನಮ್ಮದು ಜವಳಿ ಅಂಗಡಿ. ತಾತ ಶುರು ಮಾಡಿದ್ದು, ಅಪ್ಪ ನಡೆಸಿದ್ದು. ಬಿಳಿ ಗಾದಿಯ ಮೇಲೆ ಅಪ್ಪ ಮಂಡಿ ಮಡಚಿ ಕೂತಿರುತ್ತಿದ್ದರು, ಥಾನಿನಿಂದ ಬಟ್ಟೆ ಹೊರಳಿಸಿ ಹೊರಳಿಸಿ ಮೀಟರ್ ಕಡ್ಡಿಗೆ ಹಿಡಿದು ಅಳೆಯುತ್ತಿದ್ದರು. ಕೊಬ್ಬರಿ ಮಾರಿದ ದಿನ ಹಳ್ಳಿಯವರು ನೇರ ಅಂಗಡಿಗೆ ಬರುತ್ತಿದ್ದರು. ತಗೊಳ್ಳುವವರು ಕೆಲವರು, ಸುಮ್ನೆ ಕೂತು ಹೋಗುವವರು ಜಾಸ್ತಿ. ಯಾರ ಮಗಳಿಗೆ ಗಂಡು ನೋಡಿದರು, ಯಾರ ಬೋರು ಬತ್ತಿತು, ಎಲ್ಲ ಆ ಗಾದಿಯ ಅಂಚಿನಲ್ಲೇ. ಏನೂ ತಗೊಳ್ಳದೆ ಎರಡು ಗಂಟೆ ಕೂತವರಿಗೂ ಅಪ್ಪ ಕಾಫಿ ತರಿಸುತ್ತಿದ್ದರು. ಅಪ್ಪ ಹೋದ ಮೇಲೆ ಅಂಗಡಿ ಮುಚ್ಚಿತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ. ಒಳ್ಳೆ ಹುಡುಗರೇ ನಡೆಸುತ್ತಾರೆ. ಆದರೆ ಅಲ್ಲಿ ಕೂರಲು ಒಂದು ಸ್ಟೂಲೂ ಇಲ್ಲ.

ನನಗೆ ಬಾಗಿಲು ತೆಗೆದ ಹೆಂಗಸು, ಅಜ್ಜಿ ಅಂತಲೇ ಬರೆಯುತ್ತೇನೆ, ನಾನು ಪಟ್ಟಿ ಸವರುವುದನ್ನು ನೋಡುತ್ತಿದ್ದರು. ಅವರು ಇದೇ ಅಂಗಡಿಯಲ್ಲಿ ಶನಿವಾರದ ಹುಡುಗಿಯಾಗಿ ಕೆಲಸ ಮಾಡಿದ್ದರಂತೆ, ಹದಿನೈದು ವರ್ಷದವರಿದ್ದಾಗ. ಆಗ ಇಲ್ಲಿ ದಾರ, ಗುಂಡಿ, ಲೇಸು, ಉಣ್ಣೆ, ಪರದೆ ಬಟ್ಟೆ. ಹಿಂದಿನ ಗೋಡೆಗೆ ಸಣ್ಣ ಸಣ್ಣ ಡ್ರಾಯರುಗಳ ಸಾಲು, ಅವೂ ಹಾಗೇ ಇವೆ. ಈಗ ಒಂದರಲ್ಲಿ ಇಸ್ಪೀಟು, ಒಂದರಲ್ಲಿ ನಾಯಿಗೆ ಬಿಸ್ಕತ್ತು. ಮೇಲಿನ ಸಾಲಿನ ಒಂದನ್ನು ಎಳೆದು ತೋರಿಸಿದರು. ತಳದಲ್ಲಿ ಇನ್ನೂ ಐದಾರು ಬಿಳಿ ಗುಂಡಿಗಳು. ಮಾಲೀಕರು ಅವನ್ನು ಎಸೆದಿಲ್ಲ. ಎಸೆಯಲು ಬಿಟ್ಟಿಲ್ಲ ಅಂತ ಅಜ್ಜಿ ತಿದ್ದಿದರು.

ಕಟ್ಟಡಗಳು ಹೀಗೆ ಕೆಲಸ ಬದಲಾಯಿಸುವುದನ್ನು ಇಲ್ಲಿ ತುಂಬ ಕಡೆ ನೋಡಿದ್ದೇನೆ. ಚರ್ಚು ಫ್ಲ್ಯಾಟುಗಳಾಗುತ್ತೆ, ಬ್ಯಾಂಕು ರೆಸ್ಟೋರೆಂಟಾಗುತ್ತೆ. ಕೆಲವು ಕಡೆ ಹಳೆಯದನ್ನು ಸುಮ್ನೆ ಅಲಂಕಾರಕ್ಕೆ ಇಟ್ಟಿರುತ್ತಾರೆ, ಒಂದು ಫೋಟೋ ತೂಗುಹಾಕಿ ಮುಗಿಸುತ್ತಾರೆ. ಇಲ್ಲಿ ನನಗೆ ಹಿಡಿಸಿದ್ದು, ಅಂಗಡಿಯಲ್ಲಿ ವಸ್ತು ಬದಲಾಗಿದೆ, ಕೂರುವವರು ಬದಲಾಗಿಲ್ಲ. ಆಗ ಉಣ್ಣೆ ಕೊಳ್ಳುವ ನೆಪದಲ್ಲಿ ಬಂದು ಅರ್ಧ ಗಂಟೆ ನಿಂತು ಹೋಗುತ್ತಿದ್ದ ಹುಡುಗಿಯರಲ್ಲಿ ಇಬ್ಬರು ಈಗ ಅರ್ಧ ಪಿಂಟಿನ ನೆಪದಲ್ಲಿ ಬರುತ್ತಾರೆ. ಬೀದಿಗೆ ಬೇಕಿದ್ದದ್ದು ಆ ನೆಪ.

ಎದುರು ಬೆಂಚಿನ ಒಬ್ಬರು ನನಗೂ ಸೇರಿಸಿ ಒಂದು ರೌಂಡ್ ತಗೊಂಡರು. ಇಲ್ಲಿನ ಪದ್ಧತಿ ಇದು, ಒಬ್ಬರು ಎಲ್ಲರಿಗೂ ತರುತ್ತಾರೆ, ಮುಂದಿನ ಸಲ ಇನ್ನೊಬ್ಬರು. ನಾನು ಬೇಡ, ಇನ್ನೂ ಇದೆ ಅಂದರೆ ಒಂದು ಲೋಟ ನಿಂಬೆ ಸೋಡಾ ತಂದಿಟ್ಟರು. ಹೋಟೆಲ್ಲಿನ ಗಲ್ಲಾದ ಮುಂದೆ ‘ನಾನ್ ಕೊಡ್ತೀನಿ, ಬಿಡ್ರೀ’ ಅಂತ ಕೈ ಕೈ ತಳ್ಳಾಡುವ ನಮ್ಮವರಿಗೆ ಇದು ಹೊಸದಲ್ಲ. ರೌಂಡ್ ತಂದವರ ತಾಯಿ ಲಂಡನ್ನಿನ ಈಸ್ಟ್ ಎಂಡ್‌ನವರಂತೆ. ಪ್ರತಿ ಸೆಪ್ಟೆಂಬರ್ ಕೆಂಟ್‌ಗೆ, ಬಿಯರಿಗೆ ಹಾಕುವ ಹಾಪ್ಸ್ ಅನ್ನುವ ಹೂವು ಬಿಡಿಸಲು ಬರುತ್ತಿದ್ದರಂತೆ. ಆ ಕಾಲದಲ್ಲಿ ಸಾವಿರಾರು ಬಡ ಮನೆಗಳ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ ಬಂದು, ತೋಟದ ಗುಡಿಸಲುಗಳಲ್ಲಿ ವಾರಗಟ್ಟಲೆ ಇದ್ದು, ಕೈಯಲ್ಲಿ ಹಾಪ್ಸ್ ಬಿಡಿಸುತ್ತಿದ್ದರು. ಅವರಿಗೆ ಅದೇ ಕೂಲಿ, ಅದೇ ರಜೆ. ಯಂತ್ರಗಳು ಬಂದ ಮೇಲೆ, 1950–60ರ ದಶಕದಲ್ಲಿ ನಿಂತುಹೋಯಿತು. ಹಾಪ್ಸ್ ಬಳ್ಳಿ ನೋಡಿದ್ದೀರಾ? ನೋಡಿದರೆ ನಮ್ಮ ವೀಳ್ಯದೆಲೆ ತೋಟ ನೆನಪಾಗುತ್ತೆ, ಎತ್ತರಕ್ಕೆ ಕಟ್ಟಿದ ದಾರ ಹಿಡಿದು ಸುತ್ತಿ ಸುತ್ತಿ ಹತ್ತುತ್ತೆ. ಅದರ ಹಸಿರು ಹೂವು ಒಣಗಿಸಿ ಹಾಕಿದರೇ ಬಿಯರಿಗೆ ಆ ಕಹಿ, ಆ ವಾಸನೆ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಅನ್ನುವ ತಳಿ ಈ ಕಡೆಯದ್ದೇ. ನನ್ನ ಲೋಟದಲ್ಲಿದ್ದದ್ದೂ ಅದೇ ಅಂದರು. ಅವರ ತಾಯಿ ಬೆರಳು ಕಪ್ಪಾಗುವ ಹಾಗೆ ಬಿಡಿಸುತ್ತಿದ್ದಂಥ ಹೂವು ಅಂತ ಗೊತ್ತಾದ ಮೇಲೆ ಆ ಕಹಿ ಬೇರೆಯೇ ಅನ್ನಿಸಿತು.

ಇಷ್ಟು ಬರೆದೆ ಅಂತ ಕುಡಿತವನ್ನು ಹೊಗಳುತ್ತಿದ್ದೇನೆ ಅಂದುಕೊಳ್ಳಬೇಡಿ. ನನ್ನ ಚಿಕ್ಕಪ್ಪ ಕುಡಿದೇ ಹೋದರು. ಸಾರಾಯಿ ಪ್ಯಾಕೆಟ್ಟಿನ ಕಾಲ ಅದು, ಅದನ್ನು ಕರ್ನಾಟಕದಲ್ಲಿ ನಿಲ್ಲಿಸಿದ್ದು 2007ರಲ್ಲಿ, ಅಷ್ಟರಲ್ಲಿ ಚಿಕ್ಕಪ್ಪ ಇರಲಿಲ್ಲ. ಚಿಕ್ಕಮ್ಮ ರಾತ್ರಿ ಹನ್ನೊಂದರವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದದ್ದು ನನ್ನ ಕಣ್ಣಲ್ಲಿದೆ. ಚಿಕ್ಕಪ್ಪ ಕುಡಿಯುತ್ತಿದ್ದದ್ದು ನಿಂತುಕೊಂಡು, ಗೋಡೆಗೆ ಮುಖ ಮಾಡಿ, ಎರಡು ನಿಮಿಷದಲ್ಲಿ. ಯಾರೂ ನೋಡಬಾರದು ಅಂತ. ಈ ಪಬ್ಬಿನಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ. ಮೂಲೆಯಲ್ಲಿದ್ದ ಒಬ್ಬರಿಗೆ ಮಾಲೀಕರು ಇವತ್ತಿಗೆ ಸಾಕು, ಚಹಾ ಮಾಡಿಕೊಡ್ತೀನಿ ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಅವರು ಮರುಮಾತಾಡದೆ ಚಹಾ ಕುಡಿದರು. ಇಂಗ್ಲೆಂಡಿನಲ್ಲೂ ಕುಡಿತ ಎಷ್ಟೋ ಮನೆ ಹಾಳು ಮಾಡಿದೆ, ಅದನ್ನು ನಾನು ಬಲ್ಲೆ. ನಾಲ್ಕು ಜನ ಮುಖ ನೋಡಿಕೊಂಡು ಕೂರುವ ಬೆಂಚು ಒಂದಿದ್ದಿದ್ದರೆ ಚಿಕ್ಕಪ್ಪ ಉಳಿಯುತ್ತಿದ್ದರೋ ಏನೋ ಅಂತ ಮಾತ್ರ ಅವತ್ತು ಬಹಳ ಹೊತ್ತು ಯೋಚನೆ ಬಂತು.

ಆಗ ನನ್ನ ಫೋನು ಹೊಡೆದುಕೊಂಡಿತು. ಎಲ್ಲರೂ ಒಟ್ಟಿಗೆ ಕೌಂಟರಿನ ಮೇಲಿದ್ದ ಜಾಡಿಯ ಕಡೆ ಕೈ ತೋರಿಸಿದರು. ಇಲ್ಲಿ ಫೋನು ಹೊಡೆದರೆ 1 ಪೌಂಡ್ ದಂಡ, ಅದು ಲೈಫ್‌ಬೋಟ್‌ನವರಿಗೆ ಹೋಗುತ್ತೆ. ಸಮುದ್ರದಲ್ಲಿ ಸಿಕ್ಕಿಕೊಂಡವರನ್ನು ಕಾಪಾಡುವ ಸಂಸ್ಥೆ ಅದು, 1824ರಿಂದ ಇದೆ, ದೋಣಿ ಹತ್ತಿ ಹೋಗುವವರು ಹೆಚ್ಚಿನವರು ಸಂಬಳವಿಲ್ಲದೆ ಬರುವ ಊರವರೇ. ನಾಣ್ಯ ಹಾಕಿದೆ. ದುಡ್ಡು ಕೊಟ್ಟಾಯಿತಲ್ಲ, ಇನ್ನು ಮಾತಾಡು ಅಂದರು ಮಾಲೀಕರು. ಅಮ್ಮನ ವಿಡಿಯೋ ಕಾಲು. ಇಲ್ಲಿ ನಾಲ್ಕು ಗಂಟೆ, ಅಲ್ಲಿ ರಾತ್ರಿ ಎಂಟೂವರೆ, ಊಟ ಮುಗಿಸಿ ಮಾಡುವ ಹೊತ್ತು.

"ಎಲ್ಲಿದೀಯ ಪುಟ್ಟಿ? ಯಾರ ಮನೆ ಅದು?"

ಸ್ನೇಹಿತೆ ಮನೆ ಅನ್ನಬಹುದಿತ್ತು. ಬಾಯಿಗೆ ಬರಲಿಲ್ಲ. "ಅಮ್ಮ, ಇದು ಪಬ್ಬು. ಮಳೆ ಬಂತು, ರೈಲು ಇರ್ಲಿಲ್ಲ, ಬಂದು ಕೂತಿದೀನಿ."

"ಪಬ್ಬು ಅಂದ್ರೆ ಬಾರೇನೇ?"

"ಹೂಂ. ಮೊದ್ಲು ನಮ್ಮ ಥರ ಅಂಗಡಿ ಆಗಿತ್ತಂತೆ. ನೋಡು."

ಫೋನು ತಿರುಗಿಸಿ ನಿಧಾನವಾಗಿ ತೋರಿಸಿದೆ. ಬೆಂಚು, ನಾಯಿ, ಡ್ರಾಯರುಗಳು, ಕೌಂಟರು. ಅಮ್ಮ ಏನೂ ಮಾತಾಡಲಿಲ್ಲ. ನನಗೆ ಭಯವಾಯಿತು, ಚಿಕ್ಕಪ್ಪನ ನೆನಪು ಅವಳಿಗೂ ಬಂದಿರುತ್ತಲ್ಲ. ಆಮೇಲೆ ಒಮ್ಮೆಗೇ, "ತಡಿ ತಡಿ. ಆ ಗಲ್ಲಾ ಕಡೆ ಇನ್ನೊಂದ್ಸಲ ತೋರ್ಸು. ಅಂಚಿಗೆ ಗಜ ಹೊಡೆದಿದಾರಲ್ಲೇ!"

ನಾನು ಒಂದು ಮಾತೂ ಹೇಳಿರಲಿಲ್ಲ. ಮೂವತ್ತು ವರ್ಷ ಜವಳಿ ಅಂಗಡಿಯವರ ಮನೆಯಲ್ಲಿ ಇದ್ದವಳ ಕಣ್ಣು ಅದು.

ಆ ಅಜ್ಜಿ ಯಾರು ಅಂತ ಅಮ್ಮ ಕೇಳಿದಳು, ಹೇಳಿದೆ. ಊಟ ಆಯ್ತಾ ಕೇಳು ಅಂದಳು, ಕೇಳಿದೆ. ಸೂಪು, ಬ್ರೆಡ್ಡು ಆಯಿತಂತೆ. ಅಷ್ಟೇ ಏನು ಸಾಲುತ್ತೆ ಅಂದಳು ಅಮ್ಮ, ಅದನ್ನೂ ಹೇಳಿದೆ. ಅಜ್ಜಿಗೆ ಏನನ್ನಿಸಿತೋ, ಎದ್ದು ನಿಂತು ತಮ್ಮ ಕೊರಳಿನ ಸ್ಕಾರ್ಫ್ ತೆಗೆದರು. ಕಡ್ಡಿ ಕೈಗೆ ಸಿಗದಿದ್ದಾಗ ನಾವು ಹೀಗೆ ಅಳೀತಿದ್ವಿ ಅಂತ ನಿಮ್ಮಮ್ಮನಿಗೆ ಹೇಳು ಅಂದರು. ಒಂದು ತುದಿ ಮೂಗಿನ ಹತ್ತಿರ ಹಿಡಿದು ಇನ್ನೊಂದು ಕೈ ಪೂರ್ತಿ ಚಾಚಿದರು. ನಾನು ಹೇಳುವ ಮೊದಲೇ ಅಮ್ಮ ಫೋನನ್ನು ಎಲ್ಲಿಗೋ ಒರಗಿಸಿ ಇಟ್ಟಳು. ಸೆರಗಿನ ತುದಿ ಮೂಗಿಗೆ ಹಿಡಿದು, ಇನ್ನೊಂದು ಕೈ ಚಾಚಿ ನಿಂತಳು. ತಿಪಟೂರಿನ ಅಡುಗೆಮನೆಯಲ್ಲಿ ಅವಳು, ಇಲ್ಲಿ ಇವರು. ಇಬ್ಬರೂ ಒಂದೇ ಥರ ತಲೆ ಆಚೆ ತಿರುಗಿಸಿದ್ದರು. ಬೆಂಚಿನ ಮೇಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ನನಗೆ ಮಾತ್ರ ಗಂಟಲು ಕಟ್ಟಿತ್ತು.

ಫೋನಿಡುವ ಮೊದಲು ಕೇಳಿದಳು, "ನೀನೇನು ಕುಡೀತಿದೀಯ?"

"ಅರ್ಧ ಲೋಟ ಬಿಯರು ಅಮ್ಮ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹೊಟ್ಟೆಗೇನಾದ್ರೂ ತಿನ್ನು ಮೊದ್ಲು. ಕತ್ತಲಾಗೋ ಮುಂಚೆ ಹೊರಡು." ಅಷ್ಟೇ.

ಆಮೇಲೆ ಎಲ್ಲರೂ ಅಳತೆಯ ಬಗ್ಗೆಯೇ ಮಾತಾಡಿದೆವು. ನಾನು ಮೊಳ ತೋರಿಸಿದೆ, ಮೊಣಕೈಯಿಂದ ನಡುಬೆರಳಿನ ತುದಿಗೆ. ನಮ್ಮ ಕಡೆ ಹೂವನ್ನು ಇವತ್ತಿಗೂ ಹೀಗೇ ಮಾರುತ್ತಾರೆ ಅಂದೆ. ಹಿತ್ತಾಳೆ ಪಟ್ಟಿಯ ಮೇಲೆ ಕೈ ಇಟ್ಟರೆ ನನ್ನ ಮೊಳ ಅರ್ಧ ಗಜದ ಗೀರಿಗೆ ಸ್ವಲ್ಪ ಈಚೆಗೆ ನಿಂತಿತು. ಇಂಗ್ಲೆಂಡಿನಲ್ಲಿ 1995ರ ಅಕ್ಟೋಬರ್‌ನಿಂದ ಬಟ್ಟೆಯನ್ನು ಮೀಟರಿನಲ್ಲೇ ಮಾರಬೇಕು ಅಂತಾಯಿತು. ಈ ಅಂಗಡಿಯವರು ಆಮೇಲೂ ಕೇಳಿದವರಿಗೆ ಗಜದಲ್ಲಿ ಹೇಳಿ ಮೀಟರಿನಲ್ಲಿ ಬಿಲ್ಲು ಬರೆಯುತ್ತಿದ್ದರಂತೆ. ನಮ್ಮಲ್ಲಿ ಇದು ಬಹಳ ಮೊದಲೇ ಆಗಿತ್ತು, 1956ರಲ್ಲಿ ಕಾಯ್ದೆ ಬಂದು ಮುಂದಿನ ಕೆಲವು ವರ್ಷಗಳಲ್ಲಿ ಗಜದ ಕಡ್ಡಿಗಳೆಲ್ಲ ಒಳಗೆ ಹೋದವು. ಬಾಯಲ್ಲಿ ಮಾತ್ರ ಉಳಿದಿದೆ, ಒಂಬತ್ತು ಗಜದ ಸೀರೆ ಅಂತ ಈಗಲೂ ಅನ್ನುತ್ತೇವೆ. ಮಾಲೀಕರು ನನ್ನ ಲೋಟ ಎತ್ತಿ ಅದರ ಮೇಲಿದ್ದ ಸಣ್ಣ ಮುದ್ರೆ ತೋರಿಸಿದರು. ಸರ್ಕಾರದ ಅಳತೆ ಮುದ್ರೆ. ಹಳೆ ಅಳತೆಗಳು ಬಹಳಷ್ಟು ಹೋದರೂ ಪೀಪಾಯಿ ಬಿಯರಿನ ಪಿಂಟನ್ನು ಕಾನೂನು ಹಾಗೇ ಬಿಟ್ಟಿದೆ, 568 ಮಿಲಿಲೀಟರು. ಪಿಂಟು, ಅದರ ಅರ್ಧ, ಮೂರನೇ ಒಂದು, ಮೂರನೇ ಎರಡು, ಇಷ್ಟರಲ್ಲೇ ಮಾರಬೇಕು. ಅಪ್ಪನ ಮೀಟರ್ ಕಡ್ಡಿಯ ತುದಿಯಲ್ಲೂ ಇಂಥದ್ದೇ ಮುದ್ರೆ ಇತ್ತು. ತೂಕ ಮತ್ತು ಅಳತೆ ಇಲಾಖೆಯವರು ಬಂದು ಒತ್ತಿ ಹೋಗುತ್ತಿದ್ದರು. ಆ ದಿನ ಅಪ್ಪ ಕಡ್ಡಿಯನ್ನು ಒರೆಸಿ ಸಿದ್ಧವಾಗಿ ಇಟ್ಟುಕೊಂಡು ಕಾಯುತ್ತಿದ್ದರು.

ಒಂದು ರೈಲು ಬಿಟ್ಟೆ. ಅದರ ಮುಂದಿನದೂ ಬಿಟ್ಟೆ. ಹೊರಡುವಾಗ ಮಳೆ ನಿಂತಿತ್ತು. ಅಜ್ಜಿ ಸ್ಟೇಷನ್ನಿನ ತಿರುವಿನವರೆಗೆ ಬಂದರು, ಅವರ ಮನೆ ಅದೇ ದಾರಿಯಂತೆ.

ಮಾರನೇ ದಿನ ಬೆಳಗ್ಗೆ ಎದ್ದು ನೋಡಿದರೆ ಅಮ್ಮನ ಫೋಟೋ ಬಂದಿತ್ತು. ಪಕ್ಕದ ಮನೆ ಹುಡುಗನನ್ನು ಕರೆದು ಅಟ್ಟ ಹತ್ತಿಸಿದ್ದಾಳೆ. ತಾತನ ಕಾಲದ ಗಜದ ಕಡ್ಡಿ, ಕಬ್ಬಿಣದ್ದು, ಹಳೆ ಧೋತರದ ತುಂಡಿನಲ್ಲಿ ಸುತ್ತಿ ಇಟ್ಟದ್ದು, ಹೊರಗೆ ಬಂದಿದೆ. ಅಂಗಡಿ ಖಾಲಿ ಮಾಡಿದಾಗ ಅದು ಏನಾಯಿತು ಅಂತ ನಾನು ಕೇಳಿಯೂ ಇರಲಿಲ್ಲ. ಫೋಟೋದ ಕೆಳಗೆ ಒಂದು ಧ್ವನಿ ಸಂದೇಶ: "ಇಲ್ಲಿ ಸುಮ್ನೆ ತುಕ್ಕು ಹಿಡೀತಾ ಇದೆ. ಬಂದಾಗ ತಗೊಂಡು ಹೋಗಿ ಆ ಅಜ್ಜಿಗೆ ತೋರ್ಸು. ಅವರ ಗಜಕ್ಕೂ ನಮ್ಮ ಗಜಕ್ಕೂ ಸರಿ ಇದೆಯಾ ಇಟ್ಟು ನೋಡಿ."

ಡಿಸೆಂಬರಿಗೆ ಟಿಕೆಟ್ ಆಗಿದೆ. ಗಜ ಅಂದರೆ 91 ಸೆಂಟಿಮೀಟರು ಚಿಲ್ಲರೆ. ದೊಡ್ಡ ಸೂಟ್‌ಕೇಸನ್ನು ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಅಳೆದೆ. ಓರೆಯಾಗಿ ಇಟ್ಟರೆ ಹಿಡಿಯುತ್ತೆ.